ಹತ್ತು ಎಣಿಸುವವರೆಗೆ

ಲ್ಯಾಬಿನಲ್ಲಿ ಅವಳನ್ನು ಹತ್ತಕ್ಕ ಎನ್ನುತ್ತಿದ್ದರು. ಹುಟ್ಟಿದಾಗ ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದುಕೊಂಡಿತ್ತು. ರಕ್ತ ತೆಗೆದ ಮೇಲೆ ಟ್ಯೂಬನ್ನು ಮೇಲೆ ಕೆಳಗೆ ಹತ್ತು ಸಲ ಆಡಿಸಬೇಕು, ಇಲ್ಲದಿದ್ದರೆ ಒಳಗಿನ ಔಷಧ ರಕ್ತದೊಂದಿಗೆ ಸರಿಯಾಗಿ ಬೆರೆಯುವುದಿಲ್ಲ ಎಂದು ಪುಸ್ತಕದಲ್ಲಿದೆ. ಪುಸ್ತಕದಲ್ಲಿ ಏನೇನೋ ಇರುತ್ತದೆ ಬಿಡಿ. ಬೆಳಿಗ್ಗೆ ಎಂಟಕ್ಕೆ ಬಾಗಿಲ ತನಕ ಜನ ಸಾಲು ನಿಂತಿರುವಾಗ ಯಾವ ಪುಣ್ಯಾತ್ಮರು ಹತ್ತು ಸಲ ಆಡಿಸುತ್ತಾರೆ? ಉಳಿದವರು ಮೂರು ಸಲ ಆಡಿಸಿ ಮುಂದಿನವರ ತೋಳಿಗೆ ಕೈ ಹಾಕುತ್ತಿದ್ದರು. ಇವಳು ಮಾತ್ರ ಹತ್ತೊಂಬತ್ತು ವರ್ಷದಿಂದ, ಜ್ವರವಿರಲಿ ಜಗಳವಿರಲಿ, ಬಾಯಿಬಿಟ್ಟು ಎಣಿಸಿ ಹತ್ತು ಸಲವೇ ಆಡಿಸುತ್ತಿದ್ದಳು.

ಅದರಲ್ಲೂ ಒಂದು ವಿಚಿತ್ರವಿತ್ತು. ಒಂದು, ಎರಡು, ಮೂರು, ನಾಲ್ಕು, ಐದು, ಆರು ಎನ್ನುವ ತನಕ ಕೈ ಸರಾಗವಾಗಿ ಆಡುತ್ತಿತ್ತು. ಆರಾದ ಮೇಲೆ ಒಂದು ಗಳಿಗೆ ನಿಲ್ಲುತ್ತಿತ್ತು. ಆಮೇಲೆ ಏಳು, ಎಂಟು, ಒಂಬತ್ತು, ಹತ್ತು. ಯಾಕೆ ಹಾಗೆ ಎಂದು ಕೇಳಿದರೆ ಅವಳಿಗೇ ಗೊತ್ತಿರಲಿಲ್ಲ. ಟ್ಯೂಬುಗಳಿಗೆ ಲೇಬಲ್ ಅಂಟಿಸುವವನೊಬ್ಬನಿದ್ದ. ಬೆರಳಿಗೆ ಸದಾ ಗೋಂದು ಮೆತ್ತಿಕೊಂಡಿರುತ್ತಿದ್ದುದರಿಂದ ಅವನಿಗೆ ಅಂಟಪ್ಪ ಎಂದೇ ಹೆಸರು. ಅವನು ದಿನಕ್ಕೊಂದು ಸಲವಾದರೂ ಇವಳನ್ನು ಕಿಚಾಯಿಸದೆ ಬಿಡುತ್ತಿರಲಿಲ್ಲ.

"ಏನ್ ಹತ್ತಕ್ಕ, ಆರಾದ್ಮೇಲೆ ಟೀ ಕುಡಿದು ಬರ್ತೀರಾ?"

"ನಿನ್ನ ಲೇಬಲ್ ಸೊಟ್ಟಗಿದೆ, ಮೊದ್ಲು ಅದನ್ನ ನೋಡ್ಕೋ."

ಅಷ್ಟೇ. ಆ ದಿನಕ್ಕೆ ಅವಳ ಬಾಯಿಂದ ಕೆಲಸಕ್ಕೆ ಬೇಕಿಲ್ಲದ ಮಾತು ಅಷ್ಟೇ. ಸಂಜೆ ಐದಕ್ಕೆ ಬಿಳಿ ಕೋಟನ್ನು ಮೊಳೆಗೆ ನೇತುಹಾಕಿ, ಎರಡು ರಸ್ತೆ ದಾಟಿ, ಮೂರು ಮಹಡಿ ಹತ್ತಿ ತನ್ನ ಬಾಡಿಗೆ ಕೋಣೆ ಸೇರುತ್ತಿದ್ದಳು. ಒಂದು ಮಂಚ, ಒಂದು ಕುರ್ಚಿ, ಒಂದು ಕಬ್ಬಿಣದ ಬೀರು. ಟೀ ಲೋಟ ಮಾತ್ರ ಎರಡು, ಜೋಡಿಯಾಗಿಯೇ ಮಾರುತ್ತೇವೆ ಎಂದು ಅಂಗಡಿಯವನು ಹಟ ಹಿಡಿದದ್ದಕ್ಕೆ. ಎರಡನೆಯದರ ಸುತ್ತ ಅವನು ಸುತ್ತಿಕೊಟ್ಟ ಪೇಪರ್ ನಾಲ್ಕು ವರ್ಷವಾದರೂ ಹಾಗೇ ಇತ್ತು. ಅವಳಿಗೆ ನಲವತ್ತಮೂರು. ಮದುವೆಯ ಮಾತು ಎರಡು ಸಲ ಬಂದಿತ್ತು. ಎರಡು ಸಲವೂ ಗಂಡಿನ ಕಡೆಯವರು ಅವಳ ಅಮ್ಮ ಯಾವ ಕಾಯಿಲೆಯಲ್ಲಿ ಹೋದಳು ಎಂದು ಕೇಳಿ ತಿಳಿದುಕೊಂಡು, ಆಮೇಲೆ ಪತ್ತೆಯಿಲ್ಲ.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ ಫೋನ್ ಬಡಿದುಕೊಳ್ಳುತ್ತಿತ್ತು. ಅವಳ ಚಿಕ್ಕಮ್ಮ, ಅಮ್ಮನ ತಂಗಿ, ಅವಳನ್ನು ಸಾಕಿದವಳು. ಅದೇ ನಗರದ ಇನ್ನೊಂದು ತುದಿಯಲ್ಲಿದ್ದಳು. ಎರಡು ಬಸ್ಸಿನ ದಾರಿ, ಆದರೂ ಇಬ್ಬರೂ ಮುಖ ನೋಡುತ್ತಿದ್ದದ್ದು ವರ್ಷಕ್ಕೊಮ್ಮೆಯೋ ಎರಡು ಸಲವೋ.

"ಕೆಮ್ಮು?"

"ಇಲ್ಲ ಚಿಕ್ಕಮ್ಮ."

"ಜ್ವರ ಗಿರ? ತೂಕ ಇಳಿದಿದೆಯಾ?"

"ಇಲ್ಲ."

"ಸರಿ." ಟಕ್.

ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಯಾರಿಗೋ ಯಾರದೋ ಲೈನು ಕೊಟ್ಟವಳು ಆ ಹೆಂಗಸು. ಊರವರ ಮಾತೆಲ್ಲ ಕೂಡಿಸಿಕೊಟ್ಟು, ತನ್ನ ಸ್ವಂತ ಮಾತನ್ನು ಮೂರು ಪ್ರಶ್ನೆಗೆ ಮುಗಿಸಿಬಿಡುತ್ತಿದ್ದಳು. ಫೋನ್ ಇಟ್ಟ ಮೇಲೆ ಹತ್ತಕ್ಕ ತನ್ನಷ್ಟಕ್ಕೇ ಗೊಣಗಿಕೊಳ್ಳುತ್ತಿದ್ದಳು. ಮಗಳೇ ಹೇಗಿದ್ದೀಯಾ, ಊಟ ಆಯ್ತಾ ಎಂದು ಒಂದೇ ಒಂದು ಸಲ ಕೇಳಿದ್ದರೆ ಇವರ ಗಂಟೇನು ಹೋಗುತ್ತಿತ್ತು? ಚಿಕ್ಕಂದಿನಲ್ಲೂ ಹಾಗೇ. ಗಂಟಲಿಗೆ ನೀರು ಸಿಕ್ಕಿ ಕೆಮ್ಮಿದರೂ ಸಾಕು, ಚಿಕ್ಕಮ್ಮ ಕೈಲಿದ್ದ ಕೆಲಸ ಬಿಟ್ಟು ಗುಡ್ಡೆಗಣ್ಣು ಬಿಟ್ಟುಕೊಂಡು ನೋಡುತ್ತಿದ್ದಳು. ಅದು ಹೇಸಿಗೆ ಎಂದೇ ಹುಡುಗಿ ತಿಳಿದಿದ್ದಳು. ಕ್ಷಯದವಳ ಮಗಳು ಎಂದು ಹೇಸಿಗೆ.

ಅಮ್ಮ ಹೋದಾಗ ಅವಳಿಗೆ ನಾಲ್ಕು ವರ್ಷ. ಮಾತ್ರೆ ಶುರು ಮಾಡಿ, ಸ್ವಲ್ಪ ಮೈ ಹಗುರಾಯಿತೆಂದು ನಡುವೆ ಬಿಟ್ಟು, ಮತ್ತೆ ಶುರು ಮಾಡುವ ಹೊತ್ತಿಗೆ ರೋಗ ಮಾತ್ರೆಗೆ ಬಗ್ಗದಷ್ಟು ಕೊಬ್ಬಿತ್ತು. ಅಪ್ಪ ದೂರದ ಕೆಲಸ ಎಂದು ಹೋದವನು ಮೊದಲು ಕಾಗದ ಬರೆಯುತ್ತಿದ್ದ, ಆಮೇಲೆ ಅದೂ ಇಲ್ಲ. ಇಪ್ಪತ್ತು ವರ್ಷದ ಚಿಕ್ಕಮ್ಮ ಬಂದು ಮನೆ ನೋಡಿಕೊಂಡಳು. ಅಮ್ಮನನ್ನು ಹಿಂದಿನ ಕೋಣೆಗೆ ಹಾಕಿ, ಮಗು ಬಾಗಿಲು ತೆಗೆದುಬಿಡಬಾರದೆಂದು ಹೊರಗಿನಿಂದ ಬೀಗ. ಬೀಗ ಹಾಕು ಎಂದು ಹೇಳಿದ್ದು ಅಮ್ಮನೇ ಅಂತೆ.

ಅಮ್ಮನ ಮುಖ ಹತ್ತಕ್ಕನಿಗೆ ನೆನಪಿಲ್ಲ. ನೆನಪಿದ್ದದ್ದು ಒಂದು ಆಟ. ಮಗು ಬಾಗಿಲು ಬಡಿಯುತ್ತಿತ್ತು, ಒಳಗಿನಿಂದ ಅಮ್ಮ ಎಣಿಸುತ್ತಿದ್ದಳು. ಹತ್ತು ಆಗುವುದರೊಳಗೆ ಬಚ್ಚಿಟ್ಟುಕೊಳ್ಳಬೇಕು. "ಬರ್ಲಾ?" ಎಂದು ಒಳಗಿನಿಂದ ಕೇಳುತ್ತಿತ್ತು ದನಿ. "ಬಾ!" ಎಂದು ಕೂಗುತ್ತಿತ್ತು ಮಗು. ಆಮೇಲೆ ಬಂದು ಹುಡುಕುತ್ತಿದ್ದವಳು ಯಾವಾಗಲೂ ಚಿಕ್ಕಮ್ಮ. ಒಂದೇ ನಿಮಿಷದಲ್ಲಿ ಹಿಡಿದು ಎತ್ತಿ, ಕೈಕಾಲು ತೊಳೆಸಿ, ಅಲ್ಲಿಗೆ ಆಟ ಮುಗೀತು.

ಹತ್ತನೆಯ ವಯಸ್ಸಿನಲ್ಲಿ ಒಮ್ಮೆ ಧೈರ್ಯ ಮಾಡಿ ಕೇಳಿದ್ದಳು. "ಒಂದು ಸಲಾನಾದ್ರೂ ಅಮ್ಮ ನನ್ನ ಹುಡುಕ್ಕೊಂಡು ಬಂದಿದ್ಳಾ?"

"ಇಲ್ಲ," ಎಂದಿದ್ದಳು ಚಿಕ್ಕಮ್ಮ. "ಬೀಗದ ಕೈ ನನ್ನ ಹತ್ರ ಇತ್ತು. ಒಂದು ದಿನಾನೂ ಬಿಟ್ಟಿಲ್ಲ."

ಆ ಮಾತನ್ನು ಎಷ್ಟು ಹೆಮ್ಮೆಯಿಂದ ಹೇಳಿದ್ದಳೆಂದರೆ, ಹುಡುಗಿ ಮತ್ತೆ ಆ ಸುದ್ದಿಗೇ ಹೋಗಲಿಲ್ಲ. ಆದರೆ ಪ್ರಶ್ನೆ ಎಲ್ಲಿಗೂ ಹೋಗಿರಲಿಲ್ಲ. ಎತ್ತಿಕೊಳ್ಳದ ಅಮ್ಮ ಎಂಬುದು ಮುಳ್ಳಿನ ಹಾಗೆ ಒಳಗೇ ಇತ್ತು. ಕಾಯಿಲೆ, ಪಾಪ, ಅವಳೇನು ಮಾಡುತ್ತಾಳೆ ಎಂದು ತಲೆ ಹೇಳುತ್ತಿತ್ತು. ಎದೆ ಕೇಳಬೇಕಲ್ಲ!

ಹೀಗಿರುವಾಗ ಲ್ಯಾಬಿಗೆ ಹೊಸ ಪರೀಕ್ಷೆಯ ಪೆಟ್ಟಿಗೆ ಬಂತು. ಮೈಯೊಳಗೆ ಅಡಗಿ ಕೂತ ಕ್ಷಯವನ್ನು ರಕ್ತದಿಂದಲೇ ಪತ್ತೆಮಾಡುವ ಪರೀಕ್ಷೆ. ಲ್ಯಾಬಿನ ಮುಖ್ಯಸ್ಥೆಯನ್ನು ಎಲ್ಲರೂ ಡಾಕ್ಟರಮ್ಮ ಎನ್ನುತ್ತಿದ್ದರು. ಬಾಯಲ್ಲಿ ಬಿಸ್ಕತ್ತಿಲ್ಲದೆ ಪಾಠ ಮಾಡಿದವರಲ್ಲ ಆಕೆ. ಎಲ್ಲರನ್ನೂ ಸುತ್ತ ನಿಲ್ಲಿಸಿಕೊಂಡು ಶುರುಮಾಡಿದರು.

"ನಮ್ಮ ಮೈಯಲ್ಲಿ ನುಂಗೋ ಕಣ ಅಂತ ಇದೆ. ಕ್ಷಯದ ಕ್ರಿಮಿ ಶ್ವಾಸಕೋಶಕ್ಕೆ ಬಂದ್ರೆ ಗುಳುಂ ಅಂತ ನುಂಗುತ್ತೆ. ಆದ್ರೆ ಅರಗಿಸ್ಕೊಳ್ಳೋಕಾಗಲ್ಲ. ಕ್ರಿಮಿ ಅದರ ಹೊಟ್ಟೆಯಲ್ಲೇ ಮನೆ ಮಾಡ್ಕೊಂಡು ಮರಿ ಹಾಕುತ್ತೆ."

"ನಮ್ಮ ಮಾವನ ಮನೇಲಿ ನಾನಿದ್ದ ಹಾಗೆ," ಎಂದ ಅಂಟಪ್ಪ.

"ಹೂಂ, ಹಾಗೇ ಅನ್ಕೋ. ಆಮೇಲೆ ಟಿ ಕಣ ಬರುತ್ತೆ. ಬಂದು ಇಂಟರ್‌ಫೆರಾನ್ ಗಾಮಾ ಅಂತ ಒಂದು ರಸ ಬಿಡುತ್ತೆ. ರಸ ಅಂದ್ರೆ ಸುದ್ದಿ. 'ಏಯ್, ಸುಮ್ನೆ ಯಾಕೆ ಕೂತಿದ್ದೀಯಾ, ಅರಗಿಸು' ಅನ್ನೋ ಸುದ್ದಿ. ಆಗ ನುಂಗೋ ಕಣಕ್ಕೆ ಚುರುಕು ಮುಟ್ಟುತ್ತೆ. ಅದೂ ತಿರುಗಿ ಸುದ್ದಿ ಕಳಿಸುತ್ತೆ, ಇನ್ನಷ್ಟು ಜನ ಬನ್ನಿ ಅಂತ. ಎಲ್ಲಾ ಬಂದು ಕ್ರಿಮಿ ಸುತ್ತ ಒತ್ತೊತ್ತಾಗಿ ನಿಂತು ಗೋಡೆ ಕಟ್ತಾವೆ. ಅಲ್ಲಿಗೆ ಕ್ರಿಮಿ ಬಂದಿ. ಪೂರ್ತಿ ಸಾಯೋದೂ ಇಲ್ಲ, ಹೊರಗೆ ಬರೋಕೂ ಆಗಲ್ಲ."

"ಎಷ್ಟು ದಿನ ಹಾಗೆ ನಿಲ್ತಾವೆ ಮೇಡಂ?"

"ದಿನ ಎಲ್ಲಪ್ಪಾ, ಎಷ್ಟೋ ಜನಕ್ಕೆ ಆಯಸ್ಸು ಪೂರ್ತಿ. ಸುದ್ದಿ ಹೋಗ್ತಾ ಬರ್ತಾ ಇರ್ಬೇಕು ಅಷ್ಟೆ. ಸುದ್ದಿ ನಿಂತ್ರೆ ಗೋಡೆ ಸಡಿಲ ಆಗುತ್ತೆ, ಕಾಯಿಲೆ ಎದ್ದು ಕೂರುತ್ತೆ."

ಪರೀಕ್ಷೆ ಸರಳ. ಟ್ಯೂಬಿನ ಒಳಗೋಡೆಗೆ ಕ್ರಿಮಿಯ ಚೂರುಪಾರು ಸವರಿರುತ್ತದೆ. ಆ ಕ್ರಿಮಿಯನ್ನು ಮೊದಲೇ ಕಂಡ ಟಿ ಕಣಗಳು ರಕ್ತದಲ್ಲಿದ್ದರೆ ಗುರುತು ಹಿಡಿದು ಸುದ್ದಿ ಬಿಡುತ್ತವೆ. ಒಂದು ಹಗಲು ಒಂದು ರಾತ್ರಿ ಬೆಚ್ಚಗಿಟ್ಟು, ಮಾರನೆಯ ದಿನ ಔಷಧ ಹಾಕಿದರೆ, ಸುದ್ದಿ ಇದ್ದ ಕಡೆ ಹಳದಿ ಬಣ್ಣ ಬರುತ್ತದೆ. ಕ್ರಿಮಿಯನ್ನು ಕಂಡೇ ಇರದ ಕಣಗಳು ಬಾಯಿ ಹೊಲಿದುಕೊಂಡಿರುತ್ತವೆ, ಬಣ್ಣವಿಲ್ಲ.

ಹೊಸ ಪೆಟ್ಟಿಗೆ ಒಡೆದಾಗ ರೋಗಿಗಳಿಗಿಂತ ಮೊದಲು ತಮ್ಮದೇ ರಕ್ತ ಹಾಕಿ ನೋಡುವುದು ಆ ಲ್ಯಾಬಿನ ಪದ್ಧತಿ. ಹತ್ತು ಜನ ತೋಳು ಚಾಚಿದರು. ಹೆಸರಿಲ್ಲ, ಬರೀ ನಂಬರು. ಹತ್ತಕ್ಕನದು ಏಳು. ಬೇರೆಯವರದೆಲ್ಲ ತಾನೇ ತೆಗೆದಳು, ಅವಳದನ್ನು ಡಾಕ್ಟರಮ್ಮ ತೆಗೆದರು. ಬಲಮೊಣಕೈಯಲ್ಲಿ ಹತ್ತಿ ಒತ್ತಿಕೊಂಡಿದ್ದರಿಂದ ತನ್ನ ಟ್ಯೂಬುಗಳನ್ನು ಎಡಗೈಯಲ್ಲಿ ಆಡಿಸಿದಳು. ಹತ್ತೇ ಸಲ, ಆರರ ಬಳಿ ನಿಲ್ಲಿಸಿ.

ಮಾರನೆಯ ದಿನ ಮಧ್ಯಾಹ್ನ ತಟ್ಟೆಯಲ್ಲಿ ಏಳನೆಯ ಸಾಲು ಹಳದಿಯಾಗಿ ನಿಂತಿತ್ತು.

"ಏಳು ಯಾರದ್ದು?" ಎಂದರು ಡಾಕ್ಟರಮ್ಮ.

"ನಂದು."

ಅಂಟಪ್ಪ ಕೈಲಿದ್ದ ಲೇಬಲನ್ನು ಕೆಳಗಿಟ್ಟ. "ಎಡಗೈಲಿ ಆಡಿಸಿದ್ರಿ ಅಲ್ವಾ?" ಎಂದರು ಡಾಕ್ಟರಮ್ಮ. "ಜೋರಾಗಿ ಕುಲುಕಿದ್ರೂ ಒಮ್ಮೊಮ್ಮೆ ಹೀಗೆ ತಪ್ಪು ಬರುತ್ತೆ. ಇನ್ನೊಂದು ಸಲ ನೋಡೋಣ." ಇನ್ನೊಂದು ಸಲ ಅವರೇ ತೆಗೆದು, ಅವರೇ ಆಡಿಸಿದರು. ಮತ್ತೆ ಹಳದಿ, ಮೊದಲಿಗಿಂತ ಗಾಢ.

ಬೇರೆ ಯಾರಾದರೂ ಆಗಿದ್ದರೆ ಕೈಕಾಲು ತಣ್ಣಗಾಗುತ್ತಿತ್ತು. ಇವಳ ಎದೆಯಲ್ಲಿ ಎದ್ದದ್ದು ಭಯವಲ್ಲ, ಆಸೆ. ಕ್ಷಯ ಮುಟ್ಟಿದರೆ ಬರುವುದಲ್ಲ, ತಟ್ಟೆ ಲೋಟದಿಂದಲೂ ಬರುವುದಲ್ಲ, ಉಸಿರಿನಿಂದ ಬರುವುದು, ಮುಖದ ಹತ್ತಿರ ಮುಖವಿಟ್ಟು ಬಹಳ ಹೊತ್ತು ಇದ್ದರೆ ಬರುವುದು ಎಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಮುಚ್ಚಿದ ಬಾಗಿಲಾಚೆ ಎಣಿಸಿದರೆ ಬರುವ ಕಾಯಿಲೆಯಲ್ಲ ಅದು. ಹಾಗಾದರೆ ಆ ಬಾಗಿಲು ಒಂದು ಸಲವಾದರೂ ತೆರೆದಿತ್ತೇ?

"ಹೆದರ್ಬೇಡಿ," ಎಂದರು ಡಾಕ್ಟರಮ್ಮ, ಅವಳ ಮುಖ ನೋಡಿ ತಪ್ಪು ತಿಳಿದುಕೊಂಡು. "ಕಾಯಿಲೆ ಅಲ್ಲ ಇದು, ಕ್ರಿಮಿ ಮಲಗಿದೆ ಅಷ್ಟೆ. ಆರು ವರ್ಷ ಕಫ ಪರೀಕ್ಷೆಯ ಮೇಜಿನಲ್ಲೂ ಕೆಲಸ ಮಾಡಿದ್ದೀರಲ್ಲ, ಅಲ್ಲಿಂದಾನೇ ಅಂಟಿರುತ್ತೆ ಬಿಡಿ."

ಆ ಒಂದು ಮಾತಿಗೆ ಅವಳ ಆಸೆ ಠುಸ್ಸೆಂದಿತು. ಹೌದಲ್ಲ! ಯಾವನೋ ದಾರಿಹೋಕ ಡಬ್ಬಿಯಲ್ಲಿ ಉಗಿದು ಕೊಟ್ಟು ಹೋದದ್ದು. ಅವನ ಗುರುತನ್ನು ಎದೆಯಲ್ಲಿಟ್ಟುಕೊಂಡು ಅಮ್ಮ ಅಮ್ಮ ಎಂದು ಕುಣಿಯಲು ಹೊರಟಿದ್ದಳಲ್ಲ, ಎಂಥ ಪೆದ್ದಿ. ಅವತ್ತು ಸಂಜೆ ಕೋಣೆಗೆ ಬಂದು ಟೀಯನ್ನೂ ಮಾಡಿಕೊಳ್ಳದೆ ಮಂಚದ ಮೇಲೆ ಕೂತಿದ್ದಳು. ಕೂತವಳಿಗೆ ಬೀರು ಕಂಡಿತು. ಬೀರಿನ ತಳದಲ್ಲಿ, ಕೆಲಸಕ್ಕೆ ಸೇರುವಾಗ ತೆಗೆಸಿದ್ದ ಎದೆಯ ಎಕ್ಸ್‌ರೇ ಇತ್ತು. ಹತ್ತೊಂಬತ್ತು ವರ್ಷದ ಹಿಂದಿನದು, ಕಫದ ಮೇಜನ್ನು ಕಣ್ಣಿನಿಂದಲೂ ನೋಡಿರದ ಕಾಲದ್ದು. ತೆಗೆದು ಟ್ಯೂಬ್‌ಲೈಟಿಗೆ ಹಿಡಿದಳು. ಎಡಗಡೆ ಪಕ್ಕೆಲುಬುಗಳ ನಡುವೆ ಜೀರಿಗೆ ಕಾಳಿನಷ್ಟು ಬಿಳಿ ಚುಕ್ಕೆ. ಜೊತೆಗಿದ್ದ ಚೀಟಿಯಲ್ಲಿ ಯಾರೋ ಕಾಟಾಚಾರಕ್ಕೆ ಗೀಚಿದ್ದರು: "ಹಳೆಯ ಕಲೆ. ಚಿಂತೆಯಿಲ್ಲ."

ಬೆಳಿಗ್ಗೆ ಡಾಕ್ಟರಮ್ಮ ಅದನ್ನು ಕಿಟಕಿಗೆ ಹಿಡಿದು ನೋಡಿದರು. ಬಿಸ್ಕತ್ತು ಅಗಿಯುವುದು ನಿಂತಿತು.

"ಸುಣ್ಣಗಟ್ಟಿದೆ ಇದು. ಗೋಡೆ ಕಟ್ಟಿ, ಅದು ಒಣಗಿ, ಕಲ್ಲಾಗಿದೆ. ಇದಕ್ಕೆ ಬಹಳ ವರ್ಷ ಬೇಕು. ಚಿಕ್ಕ ಮಕ್ಕಳಾಗಿದ್ದಾಗ ಬಂದದ್ದೇ ಹೀಗೆ ಕಾಣೋದು."

"ಯಾರಿಂದ ಬಂತು ಅಂತ ಹೇಳೋಕಾಗುತ್ತಾ ಮೇಡಂ?"

"ಅಯ್ಯೋ, ಚುಕ್ಕೆ ಮೇಲೆ ಕಳಿಸಿದವರ ವಿಳಾಸ ಇರುತ್ತೇನ್ರೀ? ಶಾಲೆ, ಬಸ್ಸು, ಪಕ್ಕದ ಮನೆ, ಯಾರಾದ್ರೂ ಆಗ್ಬಹುದು."

ಹೊಸದಾಗಿ ಎಕ್ಸ್‌ರೇ ತೆಗೆಸಿದರು. ಕಾಯಿಲೆ ಎದ್ದಿರಲಿಲ್ಲ. ಆದರೆ ಅವಳ ರಕ್ತದಲ್ಲಿ ಸಕ್ಕರೆ ಮಿತಿಯ ಅಂಚಿನಲ್ಲಿತ್ತು, ಅದು ಏರಿದರೆ ಕಣಗಳ ಗೋಡೆ ಸಡಿಲವಾಗಬಹುದು, ಈಗಲೇ ಮಾತ್ರೆ ನುಂಗಿ ಕ್ರಿಮಿಯನ್ನು ಮುಗಿಸಿಬಿಡುವುದು ಒಳ್ಳೆಯದು ಎಂದರು ಡಾಕ್ಟರಮ್ಮ. ವಾರಕ್ಕೊಮ್ಮೆ, ಹನ್ನೆರಡು ವಾರ. ಒಂದು ಸಲಕ್ಕೆ ಹತ್ತು ಮಾತ್ರೆ. ಯಾರಾದರೊಬ್ಬರ ಕಣ್ಣೆದುರು ನುಂಗಬೇಕು, ಅದು ನಿಯಮ.

"ಮನೇಲಿ ಯಾರಿದ್ದಾರೆ?"

ಹತ್ತಕ್ಕ ಪೇಪರ್ ಸುತ್ತಿದ ಲೋಟದ ಬಗ್ಗೆ ಯೋಚಿಸಿದಳು. "ಚಿಕ್ಕಮ್ಮ ಇದ್ದಾರೆ," ಎಂದಳು.

ಭಾನುವಾರ ಫೋನ್ ಬರುವ ಮೊದಲೇ ಎರಡು ಬಸ್ ಹತ್ತಿ ಇಳಿದಳು. ಚಿಕ್ಕಮ್ಮನ ಮನೆ ಒಂದು ಚಪ್ಪಲಿ ಅಂಗಡಿಯ ಮೇಲಿತ್ತು. ಮೆಟ್ಟಿಲ ಮೇಲೆಲ್ಲ ಹೊಸ ರಬ್ಬರಿನ ವಾಸನೆ. ಬಾಗಿಲು ತೆಗೆದ ಚಿಕ್ಕಮ್ಮ ಅವಳನ್ನು ನೋಡಿ ಚೌಕಟ್ಟು ಹಿಡಿದುಕೊಂಡಳು. ಅರವತ್ತಾಗಲು ಇನ್ನೊಂದು ವರ್ಷವಿತ್ತು, ನೋಡಿದರೆ ಹತ್ತು ವರ್ಷ ಹೆಚ್ಚೇ ಎನಿಸುತ್ತಿತ್ತು.

"ಕೆಮ್ಮಾ?"

"ಒಳಗಾದ್ರೂ ಕರಿ ಚಿಕ್ಕಮ್ಮ."

ಒಳಗೆ ಕೂತು ಎಲ್ಲ ಹೇಳಿದಳು. ಹಳದಿ ಸಾಲು, ಬಿಳಿ ಚುಕ್ಕೆ, ಮಾತ್ರೆ. ಹೇಳುತ್ತಿದ್ದಷ್ಟು ಹೊತ್ತೂ ಚಿಕ್ಕಮ್ಮ ಅವಳ ಎದೆಯನ್ನೇ ನೋಡುತ್ತಿದ್ದಳು, ಸೀರೆಯಾಚೆಗೂ ಆ ಚುಕ್ಕೆ ಕಾಣುತ್ತದೆ ಎಂಬ ಹಾಗೆ.

"ಅದಕ್ಕೇ ಕೇಳ್ತಿದ್ದೀನಿ," ಎಂದಳು ಹತ್ತಕ್ಕ. "ಅಮ್ಮ ಯಾವತ್ತಾದ್ರೂ ನನ್ನ ಹತ್ರ ಬಂದಿದ್ಳಾ?"

"ಇಲ್ಲ."

"ಸರಿಯಾಗಿ ನೆನಪು ಮಾಡ್ಕೊಂಡು ಹೇಳು."

"ಒಂದ್ಸಲ ಹೇಳಿದ್ನಲ್ಲ, ಇಲ್ಲ ಅಂತ. ಬೀಗದ ಕೈ ನನ್ನ ಹತ್ರ ಇತ್ತು." ಚಿಕ್ಕಮ್ಮ ದಡಕ್ಕನೆ ಎದ್ದು ನೀರು ತಂದಳು. "ಶಾಲೇಲಿ ಅಂಟಿರುತ್ತೆ. ಮೊದ್ಲು ಮಾತ್ರೆ ನುಂಗು."

ಅಲ್ಲಿಗೆ ಮುಗಿಯಿತು. ಹತ್ತಕ್ಕನಿಗೆ ಅಳುವೂ ಬರಲಿಲ್ಲ. ಶಾಲೆಯಲ್ಲಿ ಪಕ್ಕ ಕೂತ ಯಾವಳೋ, ಬಸ್ಸಿನಲ್ಲಿ ಸೀಟು ಕೊಟ್ಟ ಯಾವನೋ. ಆಗಲಿ, ಹಾಳಾಗಿ ಹೋಗಲಿ, ಅಪರಿಚಿತರ ಕ್ರಿಮಿಯನ್ನು ಕೊಲ್ಲಲು ಮೀನಮೇಷ ಎಣಿಸುವುದೇನಿದೆ? ಹತ್ತು ಮಾತ್ರೆಗಳನ್ನು ಎಡ ಅಂಗೈಗೆ ಸುರಿದುಕೊಂಡಳು. ಅಭ್ಯಾಸದಂತೆ ಬಾಯಿಬಿಟ್ಟು ಎಣಿಸುತ್ತಾ ಒಂದೊಂದಾಗಿ ನುಂಗತೊಡಗಿದಳು. ಒಂದು. ಎರಡು. ಮೂರು. ನಾಲ್ಕು. ಐದು. ಆರು.

ಅಲ್ಲಿ ನಿಂತಳು.

"ನಿಲ್ಲಿಸ್ಬೇಡ," ಎಂದಳು ಚಿಕ್ಕಮ್ಮ.

"ಏನಾಯ್ತು?"

"ಅಲ್ಲಿ ನಿಲ್ಲಿಸ್ಬೇಡ ಕಣೇ. ಅವಳೂ ಅಲ್ಲೇ ನಿಲ್ಲಿಸ್ತಿದ್ಳು." ಚಿಕ್ಕಮ್ಮ ನೆಲದ ಮೇಲೆ ಕುಸಿದು ಕೂತಳು. "ಆರಕ್ಕೆ ಉಸಿರು ಮುಗಿದು ಹೋಗ್ತಿತ್ತು ಅವಳಿಗೆ. ಏಳು ಅನ್ನೋಕೆ ಮತ್ತೆ ಉಸಿರು ತಗೋಬೇಕಿತ್ತು. ನೀನು ಅಲ್ಲೀವರೆಗೂ ಬಚ್ಚಿಟ್ಕೊಂಡು ಕಾಯ್ತಿದ್ದೆ. ಯಾರು ಹೇಳಿದ್ರು ನಿಂಗೆ ಇದನ್ನ?"

"ಯಾರೂ ಹೇಳಿಲ್ಲ."

ಕೆಳಗಿನ ಅಂಗಡಿಯಲ್ಲಿ ಯಾರೋ ಚಪ್ಪಲಿಯ ನಂಬರು ಕೂಗುತ್ತಿದ್ದರು. ಚಿಕ್ಕಮ್ಮ ಸೆರಗಿನಿಂದ ಬಾಯಿ ಒತ್ತಿಕೊಂಡಳು. ಮೂವತ್ತೊಂಬತ್ತು ವರ್ಷ ನುಂಗಿಕೊಂಡಿದ್ದನ್ನು ಹೊರಗೆ ಹಾಕುವುದು ಸುಮ್ಮನೆ ಮಾತಲ್ಲ, ಗಂಟಲಿಗೆ ಬಂದು ಬಂದು ವಾಪಸು ಹೋಯಿತು. ಕೊನೆಗೆ ಗೋಡೆ ನೋಡುತ್ತಾ ಹೇಳಿದಳು.

"ಬೀಗ ಹಾಕಿರ್ಲಿಲ್ಲ ಅವತ್ತು. ಮರೆತದ್ದಲ್ಲ. ಬೇಕಂತಲೇ ಹಾಕಿರ್ಲಿಲ್ಲ. ಎಷ್ಟು ದಿನದಿಂದ ಗೋಗರೀತಿದ್ಳು ಗೊತ್ತಾ? 'ಒಂದು ಸಲ ನಾನೇ ಹುಡುಕ್ತೀನಿ ಕಣೇ, ಮಗು ಬಾ ಅಂತ ಕೂಗುತ್ತೆ, ಪ್ರತಿ ಸಲ ನೀನು ಹೋಗ್ತೀಯಾ, ನಂಗೆ ಕೇಳೋಕಾಗಲ್ಲ' ಅಂತ. ನಂಗೂ ಇಪ್ಪತ್ತು ವರ್ಷ, ನಂಗೇನು ಬುದ್ಧಿ ಇತ್ತು? ಒಂದೇ ಒಂದು ಸಲ, ಹುಡುಕಿ ವಾಪಸು ಹೋಗಿಬಿಡು ಅಂದೆ. ಬಾಗಿಲು ಹಾಗೇ ಬಿಟ್ಟು ಡ್ಯೂಟಿಗೆ ಹೋದೆ. ಸಂಜೆ ಬಂದು ನೋಡ್ತೀನಿ, ನಿನ್ನ ತಬ್ಕೊಂಡು ನೆಲದ ಮೇಲೆ ಮಲಗಿದ್ದಾಳೆ. ಇಬ್ರಿಗೂ ನಿದ್ದೆ. ನಿನ್ನ ಮುಖ ಅವಳ ಕತ್ತಿನಲ್ಲಿ."

"ಆಮೇಲೆ?"

"ಆಮೇಲೇನು, ಕಿತ್ಕೊಂಡೆ ನಿನ್ನ. ಮಗೂನ ಕೊಲ್ತೀಯಾ ಅಂತ ಕಿರುಚಿದೆ. ಆಯ್ತು ಬಿಡೇ, ಸಿಕ್ಕಿದ್ಳಲ್ಲ ಅಂದ್ಳು. ಹನ್ನೊಂದು ದಿನ ಇದ್ಳು ಅಷ್ಟೆ ಅದಾದ್ಮೇಲೆ. ಅಷ್ಟು ದಿನಾನೂ ಬರೀ ಅದೇ ಮಾತು. ಮನೆಯೆಲ್ಲ ಹುಡುಕಿದೆ, ಮಂಚದ ಕೆಳಗೆ ನೋಡಿದೆ, ಬಾಗಿಲ ಹಿಂದೆ ನೋಡಿದೆ ಅಂತ."

"ಎಲ್ಲಿದ್ದೆ ನಾನು?"

"ಬಟ್ಟೆ ಬುಟ್ಟಿ ಹಿಂದೆ." ಚಿಕ್ಕಮ್ಮನಿಗೆ ನಗುವೂ ಬಂತು, ಅಳುವೂ ಬಂತು. "ಕಾಲೆರಡೂ ಹೊರಗೇ ಚಾಚಿಕೊಂಡಿದ್ದೆಯಂತೆ! ಬರ್ತಿದ್ದ ಹಾಗೇ ಕಾಣಿಸ್ತಂತೆ ಅವಳಿಗೆ. ಆದ್ರೂ ಎಲ್ಲಾ ಕಡೆ ಹುಡುಕಿದ್ಳಂತೆ. ಗೋಡೆ ಹಿಡ್ಕೊಂಡು, ಉಸಿರು ತಗೊಂಡು ತಗೊಂಡು. ಇಲ್ಲಿಲ್ಲ, ಇಲ್ಲೂ ಇಲ್ಲ ಅಂತ ಜೋರಾಗಿ ಹೇಳ್ತಾ. ಕೊನೆಗೆ ಬುಟ್ಟಿ ಹತ್ರ ಬಂದ್ಳಂತೆ. ನೀನು ಒಳಗೊಳಗೇ ಕಿಸಕಿಸ ನಗ್ತಿದ್ದೆಯಂತೆ."

ಹತ್ತಕ್ಕ ಅತ್ತಳು. ಸಣ್ಣ ಮಕ್ಕಳು ಅಳುವ ಹಾಗೆ, ಮೂಗು ಬಾಯಿ ಎಲ್ಲ ಒಂದಾಗಿ, ನಾಚಿಕೆ ಬಿಟ್ಟು ಅತ್ತಳು. ಅವಳಿಗೆ ಸಂತೋಷವಾಗಿತ್ತು. ನಲವತ್ತಮೂರು ವರ್ಷದಲ್ಲಿ ಅಂಥ ಸಂತೋಷ ಅವಳಿಗೆ ಆಗಿರಲಿಲ್ಲ, ಮತ್ತು ಅದನ್ನು ಹೇಳಲು ಎದುರಿಗೆ ಕೂತಿದ್ದವಳು ಅದನ್ನೇ ಇಷ್ಟು ವರ್ಷ ಬಚ್ಚಿಟ್ಟವಳು.

"ಯಾಕೆ ಹೇಳಲಿಲ್ಲ? ಒಂದು ಮಾತು ಹೇಳಿದ್ರೆ ಏನಾಗ್ತಿತ್ತು ನಿಂಗೆ?"

"ಏನಂತ ಹೇಳ್ಲಿ? ನಿಂಗೆ ಕಾಯಿಲೆ ಕೊಟ್ಟವಳು ನಾನು ಅಂತಾನಾ? ಬಾಗಿಲು ಬಿಟ್ಟವಳು ನಾನಲ್ವಾ? ನೀನು ಒಂದ್ಸಲ ಕೆಮ್ಮಿದ್ರೆ ನನ್ನ ಜೀವ ಬಾಯಿಗೆ ಬರ್ತಿತ್ತು. ಇವತ್ತು ಶುರುವಾಯ್ತು, ಇವತ್ತು ಶುರುವಾಯ್ತು ಅಂತ. ಭಾನುವಾರ ನೀನು ಕೆಮ್ಮಿಲ್ಲ ಅಂದ್ರೆ ಸಾಕು, ಅಳು ಬಂದುಬಿಡ್ತಿತ್ತು, ಅದಕ್ಕೇ ಫೋನ್ ಇಡ್ತಿದ್ದೆ."

ಆ ಟಕ್ ಎನ್ನುವ ಸದ್ದು! ವರ್ಷಕ್ಕೆ ಐವತ್ತೆರಡು ಸಲ, ಎಷ್ಟೋ ವರ್ಷ, ಅದನ್ನು ಇವಳು ತಿರಸ್ಕಾರವೆಂದು ಕೇಳಿಸಿಕೊಂಡಿದ್ದಳು. ಎರಡು ಬಸ್ಸಿನ ದಾರಿಯ ಆ ತುದಿಯಲ್ಲಿ ಒಬ್ಬಳು, ಈ ತುದಿಯಲ್ಲಿ ಒಬ್ಬಳು. ಇಬ್ಬರೂ ಶುದ್ಧ ಮೂರ್ಖರು, ಇನ್ನೇನು ಹೇಳುವುದು.

ಅಂಗೈ ಬೆವರಿ, ಉಳಿದ ನಾಲ್ಕು ಮಾತ್ರೆಗಳ ಬಣ್ಣ ಚರ್ಮಕ್ಕೆ ಹತ್ತಿತ್ತು. ಹತ್ತಕ್ಕ ಅವನ್ನೇ ನೋಡುತ್ತಾ ಕೂತಳು. ಐದು ನಿಮಿಷದ ಹಿಂದೆ ಯಾರದೋ ಆಗಿದ್ದ ಕ್ರಿಮಿ ಈಗ ಅಮ್ಮನ ಉಸಿರಿನಿಂದ ಬಂದದ್ದು. ಅಮ್ಮನದು ಎಂದು ಅವಳ ಬಳಿ ಒಂದು ಸೀರೆಯಿಲ್ಲ, ಒಂದು ಫೋ‌ಟೊ ಇಲ್ಲ, ಸೋಂಕು ತಗಲೀತೆಂದು ಎಲ್ಲವನ್ನೂ ಸುಟ್ಟಿದ್ದರು. ಇದೊಂದು ಉಳಿದಿತ್ತು.

"ನುಂಗು," ಎಂದಳು ಚಿಕ್ಕಮ್ಮ.

"ಇದೊಂದೇ ಅಮ್ಮಂದು ಅಂತ ಇರೋದು."

"ಹುಚ್ಚಿ! ತಲೆ ಕೆಟ್ಟಿದ್ಯಾ ನಿಂಗೆ? ಅವಳನ್ನ ತಿಂದ ಪೀಡೆ ಅದು. ಅದನ್ನ ಮುದ್ದು ಮಾಡ್ತಾಳಂತೆ!" ಬೈದವಳು ಬೈದಷ್ಟೇ ಬೇಗ ತಣ್ಣಗಾದಳು. ಹತ್ತಿರ ಸರಿದು ಕೂತಳು. "ಮೂವತ್ತೊಂಬತ್ತು ವರ್ಷ ಅದು ಯಾಕೆ ಏಳಲಿಲ್ಲ ಹಾಗಾದ್ರೆ?"

ಹತ್ತಕ್ಕ ಕಣ್ಣೊರೆಸಿಕೊಂಡು, ಡಾಕ್ಟರಮ್ಮ ಹೇಳಿದ್ದನ್ನೆಲ್ಲ ತನ್ನ ಮಾತಿನಲ್ಲಿ ಹೇಳಿದಳು. ನುಂಗುವ ಕಣ, ಅದಕ್ಕೆ ಸುದ್ದಿ ಕೊಡುವ ಕಣ, ಅದು ತಿರುಗಿ ಕಳಿಸುವ ಸುದ್ದಿ, ಸುತ್ತ ನಿಂತ ಗೋಡೆ. ಚಿಕ್ಕಮ್ಮ ಕಿವಿಯನ್ನು ವಾರೆ ಮಾಡಿ ಕೇಳಿದಳು, ಹೆಡ್‌ಫೋನ್ ಇನ್ನೂ ಹಾಕಿಕೊಂಡಿದ್ದವಳ ಹಾಗೆ.

"ಅಂದ್ರೆ ಇಷ್ಟು ವರ್ಷಾನೂ ಲೈನು ಕಟ್ ಆಗಿಲ್ಲ?"

"ಒಂದು ದಿನಾನೂ ಆಗಿಲ್ಲ."

"ನೀನು ನಿದ್ದೆ ಮಾಡ್ತಿದ್ರೂ?"

"ನಿದ್ದೆ ಮಾಡ್ತಿದ್ರೂ."

"ಭಲೇ," ಎಂದಳು ಚಿಕ್ಕಮ್ಮ. ಆಮೇಲೆ ಏನೋ ಲೆಕ್ಕ ಹಾಕಿದವಳಂತೆ ಕೇಳಿದಳು. "ಈ ಮಾತ್ರೆ ನುಂಗಿ ಕ್ರಿಮಿ ಸತ್ತುಹೋದ್ರೆ, ಆ ಕಣಗಳು ಅದನ್ನ ಮರೆತುಬಿಡ್ತಾವಾ?"

ಉತ್ತರ ಹತ್ತಕ್ಕನಿಗೆ ಗೊತ್ತಿತ್ತು. ಪೆಟ್ಟಿಗೆಯ ಜೊತೆ ಬಂದ ಕಾಗದದಲ್ಲೇ ಇತ್ತು, ಅವಳೇ ಅಂಟಪ್ಪನಿಗೆ ಓದಿ ಹೇಳಿದ್ದಳು. ಚಿಕಿತ್ಸೆ ಮುಗಿದವರಿಗೆ ಈ ಪರೀಕ್ಷೆಯನ್ನು ಮತ್ತೆ ಮಾಡಿ ಪ್ರಯೋಜನವಿಲ್ಲ, ಹೆಚ್ಚಿನವರಲ್ಲಿ ಬಣ್ಣ ಮತ್ತೆಯೂ ಬರುತ್ತದೆ ಎಂದು. ಅದನ್ನು ಪರೀಕ್ಷೆಯ ದೋಷ ಎಂದು ಅವಳು ತಿಳಿದಿದ್ದಳು.

"ಇಲ್ಲ," ಎಂದಳು. "ಕ್ರಿಮಿ ಹೋಗುತ್ತೆ. ಕಣಗಳು ಸಾಮಾನ್ಯವಾಗಿ ಮರೆಯಲ್ಲ. ಎಷ್ಟೋ ವರ್ಷ ಆದ್ಮೇಲೆ ರಕ್ತ ತೆಗೆದು ನೋಡಿದ್ರೂ ಹಳದಿ ಬರುತ್ತೆ."

"ಮತ್ತೆ ಇನ್ನೇನು ನಿಂದು?"

ನಿಜ, ಇನ್ನೇನು. ಏಳು. ಎಂಟು. ಒಂಬತ್ತು. ಒಂಬತ್ತನೆಯದು ಗಂಟಲಲ್ಲಿ ಅಡ್ಡ ನಿಂತು ಕೆಮ್ಮು ಬಂತು. ಚಿಕ್ಕಮ್ಮನ ಕಣ್ಣು ಹಳೆಯ ಅಭ್ಯಾಸದಂತೆ ಅಗಲವಾಯಿತು. ಈ ಸಲ ಹತ್ತಕ್ಕ ಆ ಕಣ್ಣನ್ನು ಸರಿಯಾಗಿ ನೋಡಿದಳು. ಚಿಕ್ಕಮ್ಮ ಅವಳ ಬೆನ್ನು ಸವರಿ ನೀರಿನ ಲೋಟವನ್ನು ಬಾಯಿಗೆ ಹಿಡಿದಳು.

"ಹತ್ತು," ಎಂದಳು ಹತ್ತಕ್ಕ, ಖಾಲಿ ಅಂಗೈ ತೋರಿಸಿ.

ಸಂಜೆಯ ಬಸ್ಸಿಗೆ ಹೊರಟಾಗ ಚಿಕ್ಕಮ್ಮ ಮೆಟ್ಟಿಲ ತನಕ ಬಂದಳು. ಒಂದು ಮೆಟ್ಟಿಲು, ಎರಡು ಮೆಟ್ಟಿಲು, ಹಾಗೇ ಚಪ್ಪಲಿ ಅಂಗಡಿಯ ಬಾಗಿಲ ತನಕ ಇಳಿದು ಬಂದಳು. ಇನ್ನೂ ಹನ್ನೊಂದು ಭಾನುವಾರ ಇದೆ, ಪ್ರತಿ ಸಲ ನೀನೇ ಎರಡೆರಡು ಬಸ್ ಹತ್ತಬೇಕಾ ಎಂದಳು. ಮಂಡಿ ನೋವು ಇದೆ, ಆದರೂ ಪರವಾಗಿಲ್ಲ, ಮೂರು ಮಹಡಿ ತಾನೆ ಎಂದಳು. ಆಮೇಲೆ, ಬೇಡ ಎಂದುಬಿಟ್ಟಾಳೋ ಎಂಬ ಅಳುಕಿನಲ್ಲಿ, ರಸ್ತೆಯ ಕಡೆ ನೋಡುತ್ತಾ ಕೇಳಿದಳು.

"ಮುಂದಿನ ವಾರ ನಾನೇ ಬರ್ಲಾ?"

ಹತ್ತಕ್ಕನಿಗೆ ಬಟ್ಟೆ ಬುಟ್ಟಿಯ ಹಿಂದೆ ಕಾಲು ಚಾಚಿ ಕೂತ ಮಗು ನೆನಪಾಯಿತು.

"ಬಾ!" ಎಂದಳು, ಅಂಗಡಿಯವರು ತಿರುಗಿ ನೋಡುವಷ್ಟು ಜೋರಾಗಿ.

ಕೋಣೆಗೆ ಬಂದವಳೇ ಎರಡನೆಯ ಲೋಟದ ಪೇಪರ್ ಬಿಚ್ಚಿ, ಲೋಟವನ್ನು ತೊಳೆದು ಬೋರಲು ಹಾಕಿದಳು.